ಓಡಿಹೋದನೆಂಬ ದೂರು

ಕೊಲ್ಲಿಯ ಮನಾಮಾ ನಗರದ ಹಳೆ ಸೂಕ್ ಪೇಟೆಯಲ್ಲಿ ನನ್ನದು ಪರದೆ ಬಟ್ಟೆಯ ಅಂಗಡಿ. ಕೆಲಸ ಹುಡುಕಿ ಬರುವ ಊರಿನವರಿಗೆ ಆಗ ನಾನು ಕೊಡುತ್ತಿದ್ದ ಸಲಹೆ ಒಂದೇ: ಫ್ರೀ ವೀಸಾ ಮಾಡಿಸಿಕೊಳ್ಳಿ. ಅಂದರೆ ಕಾಗದದಲ್ಲಿ ಮಾತ್ರ ಒಬ್ಬ ಕಫೀಲ, ಅಂದರೆ ಧಣಿ. ಅವನ ಕೈ ಬೆಚ್ಚಗೆ ಮಾಡಿದರೆ ನೀವು ಎಲ್ಲಿ ಬೇಕಾದರೂ ದುಡಿಯಬಹುದು. ಕಾನೂನಿನಲ್ಲಿ ಅಂಥ ವೀಸಾವೇ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಮಾಡುತ್ತಿದ್ದರು.

ಪುತ್ತೂರಿನ ಎ.ಸಿ. ಮೆಕ್ಯಾನಿಕ್ ಒಬ್ಬ ನನ್ನ ಮಾತು ಕೇಳಿ ಹಾಗೆ ಬಂದವನು. ಆರು ವರ್ಷದಲ್ಲಿ ಮನಾಮಾ ತುಂಬ ಗಿರಾಕಿಗಳನ್ನು ಮಾಡಿಕೊಂಡಿದ್ದ. ಮುದುಕ ಕಫೀಲ ಹಾಸಿಗೆ ಹಿಡಿದ ಮೇಲೆ ಮಗ ವ್ಯವಹಾರ ನೋಡತೊಡಗಿದ. ತನ್ನಲ್ಲಿ ಕೆಲಸಕ್ಕೆ ಕಾಣದ ಈ ನೌಕರ ಓಡಿಹೋಗಿದ್ದಾನೆಂದು ದೂರು ಕೊಟ್ಟೇಬಿಟ್ಟ.

"ನಾನು ಓಡಿಹೋದದ್ದು ಎಲ್ಲಿಗೆ ಮಾರಾಯ್ರೆ? ಹೋದ ಶುಕ್ರವಾರ ಅವರ ಮನೆಗೇ ಹೋಗಿ ಗ್ಯಾಸ್ ತುಂಬಿಸಿ ಬಂದದ್ದು!" ಎಂದು ಮೆಕ್ಯಾನಿಕ್ ಅಂಗಡಿಗೆ ಬಂದು ಕೂತ.

ಅದು ಸರ್ಕಾರ ಕ್ಷಮಾದಾನ ಘೋಷಿಸಿದ್ದ ಸಮಯ. ಅವಧಿಯೊಳಗೆ ವಲಸೆ ಆಫೀಸಿಗೆ ಹೋಗಿ ಹೆಸರು ಕೊಟ್ಟರೆ ದಂಡವಿಲ್ಲ. ಬೇರೆ ಕಫೀಲ ಸಿಕ್ಕರೆ ಇಲ್ಲೇ ಇರಬಹುದು. ಆಮೇಲೆ ಸಿಕ್ಕಿಬಿದ್ದರೆ ಬೆರಳಚ್ಚು, ಗಡೀಪಾರು, ವಾಪಸು ಬರುವಂತಿಲ್ಲ.

ಹಿದ್ ಬಂದರಿನಲ್ಲಿ ಟ್ರೇಲರ್ ಓಡಿಸುವ ಬ್ಯಾರಿ ಕಾಕ ಅಲ್ಲೇ ಚಾ ಕುಡಿಯುತ್ತಿದ್ದರು. ನಾನು ಕಾನೂನಿಗೆ ಬೈದದ್ದಕ್ಕೆ ನನ್ನತ್ತ ತಿರುಗಿದರು. "ಕಾನೂನಿಗೆ ಬೈದು ಎಂತ ಮಾಡ್ಲಿಕ್ಕುಂಟು? ಇವ ಬೇರೆ ಕಡೆ ದುಡಿದದ್ದು ಸುಳ್ಳಾ? ನಮ್ಮೂರಲ್ಲಿ ಪರದೇಶದವ ಕಾಗದ ಇಲ್ಲದೆ ಕೂತ್ರೆ ಪೊಲೀಸರಿಗೆ ಮೊದಲು ಫೋನ್ ಮಾಡುವವ ನೀನೇ."

"ಸರಿ ಕಾಕ, ವೀಸಾ ಮಾರಿದವನಿಗೆ ಎಂತ ಶಿಕ್ಷೆ? ಇಬ್ಬರು ಸೇರಿ ಮಾಡಿದ ವ್ಯಾಪಾರಕ್ಕೆ ಒಬ್ಬನನ್ನೇ ವಿಮಾನ ಹತ್ತಿಸುವುದಾ?" ಎಂದೆ.

"ನ್ಯಾಯ ಅಲ್ಲ, ಒಪ್ಪಿದೆ. ಚೆಕ್ಕಿಂಗಿನವರಿಗೆ ಇದೇ ಭಾಷಣ ಕೊಡು, ಬಿಡ್ತಾರಾ ನೋಡುವ. ಇವನನ್ನು ನಾಳೆಯೇ ಆಫೀಸಿಗೆ ಕಳಿಸು."

ನಾನು ಕಳಿಸಲಿಲ್ಲ. ಹೊಸ ಕಫೀಲನಾದರೆ ಒಂದೇ ಕಡೆ ಕಟ್ಟಿಹಾಕುತ್ತಾನೆ. ದೂರು ವಾಪಸಾದರೆ ಹಳೆಯ ಸ್ವಾತಂತ್ರ್ಯವೇ ಉಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ದೂರು ವಾಪಸಿಗೆ ಎಷ್ಟು ಕೊಡಬೇಕೆಂದು ಮಾತಾಡಲು ಕಫೀಲನ ಮಗನ ಬಳಿ ಮೂರು ಸಲ ಹೋದೆ, ಗಹ್ವಾ ಕಾಫಿ ಕುಡಿದೆ, ಅವಸರವಿಲ್ಲದವನಂತೆ ಎದ್ದು ಬಂದೆ. ಕಾದಷ್ಟೂ ಎದುರಿನವನು ಬಗ್ಗುತ್ತಾನೆ. ನಾನು ವ್ಯಾಪಾರ ಕಲಿತದ್ದೇ ಹಾಗೆ.

ಅವನು ಬಗ್ಗಿದ, ಭಾನುವಾರ. ಕ್ಷಮಾದಾನ ಗುರುವಾರವೇ ಮುಗಿದಿತ್ತು. ಮೆಕ್ಯಾನಿಕ್ ಶನಿವಾರ ಬಸ್‌ ಸ್ಟಾಪಿನಲ್ಲಿ ಸಿಕ್ಕಿಬಿದ್ದಿದ್ದ. ಇನ್ನು ದೂರು ವಾಪಸು ಪಡೆದು ಪ್ರಯೋಜನವಿಲ್ಲ ಎಂದರು ಆಫೀಸಿನಲ್ಲಿ.

ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಮೊದಲು ಸಾಲಿನಲ್ಲಿ ನಿಂತು ಹೆಸರು ಕೊಡಿ, ಚೌಕಾಸಿ ಆಮೇಲೆ. ಕಾನೂನು ಇಬ್ಬರಲ್ಲಿ ಒಬ್ಬನನ್ನೇ ಹಿಡಿಯುತ್ತದೆ ಎಂದು ಇವತ್ತಿಗೂ ವಾದಿಸುತ್ತೇನೆ. ಆದರೆ ಅವನನ್ನು ಆ ಸಾಲಿಗೆ ಹೋಗದಂತೆ ತಡೆದು ನಿಲ್ಲಿಸಿದ್ದು ಕಾನೂನಲ್ಲ.

ಅವನನ್ನು ಇಟ್ಟಿದ್ದ ಬಂಧನ ಕೇಂದ್ರಕ್ಕೆ ಬಟ್ಟೆಬರೆಯ ಚೀಲ ಕೊಡಲು ಹೋದಾಗ, "ಅಣ್ಣ, ಇನ್ನು ಬರ್ಲಿಕ್ಕೆ ಆಗ್ತದಾ?" ಎಂದು ಕೇಳಿದ.

"ಬೆರಳಚ್ಚು ಆಗಿದೆ. ಇಲ್ಲ."

"ಜಿಂಜ್ ಏರಿಯಾದಲ್ಲಿ ಒಂದು ಮನೆಯ ಕಂಪ್ರೆಸರ್ ಬಿಚ್ಚಿಟ್ಟು ಬಂದಿದ್ದೇನೆ. ಸಣ್ಣ ಮಗು ಇರುವ ಮನೆ. ಇವತ್ತೇ ಯಾರನ್ನಾದ್ರೂ ಕಳಿಸಿ," ಎಂದು ನಂಬರ್ ಹೇಳತೊಡಗಿದ. ನಾನು ಬರೆದುಕೊಂಡೆ.