ಟಾರ್ಚು ಹಿಡಿದಾಗ ಕಂಡ ಮುಖ

ಇದು ಕಟ್ಟಿದ ಕತೆ ಅಲ್ಲ. ಕಟ್ಟಿದ್ದಾಗಿದ್ರೆ ಇದ್ರಲ್ಲಿ ನನ್ನನ್ನ ಒಳ್ಳೆಯವಳಾಗಿ ಮಾಡ್ಕೋತಿದ್ದೆ. ನಾನು ಒಳ್ಳೆಯವಳಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಫೋನಲ್ಲಿ ಕನ್ನಡ ಒತ್ತೋದು ಮೊನ್ನೆ ಮೊನ್ನೆ ಕಲ್ತಿದ್ದು, ಒಂದೇ ಬೆರಳು ನಡೀತೈತೆ. ಅಕ್ಷರ ತಪ್ಪಿದ್ರೆ ನೀವೇ ಸರಿ ಮಾಡ್ಕೊಂಡು ಓದ್ರಿ. ನಡೆದಿದ್ದರಲ್ಲಿ ಮಾತ್ರ ತಪ್ಪಿಲ್ಲ...

ಮೊಳಕಾಲ್ಮೂರಲ್ಲಿ ನಮ್ದು ರೇಷ್ಮೆ ಸೀರೆ ನೇಯೋ ಮನೆ. ನನ್ನ ಮೈದ್ನ ಚಂದ್ರ ಅಂಚಿಗೆ, ಸೆರಗಿಗೆ ಡಿಸೈನ್ ಬರೆಯೋನು. ಮೊದ್ಲು ಚೌಕದ ಹಾಳೆ ಮೇಲೆ ಬರೀತಿದ್ದ. ಆಮೇಲೆ ಎಲ್ಲಿಂದ್ಲೋ ಒಂದು ಹಳೇ ಲ್ಯಾಪ್‌ಟಾಪ್ ತಂದ. ಮೊಬೈಲಲ್ಲಿ ಬರೀ ಹಾವಿನಾಟ ಇದ್ದ ಕಾಲ ಅದು. ಬೀದಿಯವರೆಲ್ಲ ಬಂದು ನೋಡ್ಕೊಂಡು ಹೋದ್ರು.

ಅದಕ್ಕೊಂದು ರೋಗ ಇತ್ತು. ಗುಂಡಿ ಒತ್ತಿದ್ರೆ ಒಳಗೆ ಫ್ಯಾನು ಗುಂಯ್ ಅನ್ನೋದು, ಸಣ್ಣ ಹಸಿರು ದೀಪ ಹತ್ತೋದು, ಪರದೆ ಮಾತ್ರ ಕಪ್ಪು. ಒಂದು ಲೋಟ ಟೀ ಕುಡಿದು ಮುಗಿಸೋವರೆಗೂ ಕಪ್ಪು. ಆಮೇಲೆ ನಿಧಾನಕ್ಕೆ ಬೆಳಕಾಗೋದು.

"ಹೊಸ ಸೊಸೆ ಸೆರಗು ಸರಿಸಿದಂಗೆ ಮಾಡ್ತೈತಲ್ಲೋ ಇದು" ಅಂತ ನಾನು ರೇಗಿಸ್ತಿದ್ದೆ. ಅವನು ನಗೋನು.

ಒಂದಿನ ರಾತ್ರಿ ಚಂದ್ರಂಗೆ ಎದೆ ಹಿಡ್ಕೊಂತು. ನಮ್ಮ ಯಜಮಾನ್ರು ಧರ್ಮಾವರಕ್ಕೆ ವ್ಯಾಪಾರಕ್ಕೆ ಹೋಗಿದ್ರು. ಅವನ ಹೆಂಡ್ತಿ ಗಂಗಿ, ನನ್ನ ವಾರಗಿತ್ತಿ, ಹಿಂದಿನ ದಿನ ನನ್ನ ಜೊತೆ ಜಗಳ ಆಡಿ ದೇವಸಮುದ್ರಕ್ಕೆ, ಅವರವ್ವನ ಮನೆಗೆ ಹೋಗಿದ್ಲು. ಮನೇಲಿ ನಾನು, ಅವನು, ಇಬ್ರೇ.

"ಅತ್ತಿಗೆ, ಗಂಗಿಗೆ ಫೋನ್ ಮಾಡ್ರಿ..." ಅಂದ. ಎರಡು ಸಲ ಅಂದ.

ನಾನು ಮಾಡ್ಲಿಲ್ಲ. ಗ್ಯಾಸಿರ್ಬೇಕು ಅಂತ ಓಂಕಾಳು ಕೊಟ್ಟೆ. ಜಗಳ ಆಡಿ ಹೋದೋಳನ್ನ ನಾನ್ಯಾಕೆ ಕರೀಲಿ ಅನ್ನೋ ಕೊಬ್ಬು. ಬೆಳಗ್ಗೆ ಅವಳು ಬರೋ ಹೊತ್ತಿಗೆ ಚಂದ್ರನ್ನ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದ್ರು.

ಅವತ್ತಿಂದ ಗಂಗಿದು ಒಂದೇ ಪ್ರಶ್ನೆ. ಪಾತ್ರೆ ತೊಳೀವಾಗ, ಲಾಳಿಗೆ ನೂಲು ಸುತ್ತುವಾಗ, ಮೆಲ್ಲಗೆ ಕೇಳೋಳು.

"ಅಕ್ಕಯ್ಯ, ಕೊನೇಲಿ ನನ್ನ ಹೆಸರೆತ್ತಿದ್ರಾ?"

"ಇಲ್ವಲ್ಲಮ್ಮ."

"ಒಂದ್ಸಲಾನೂ?"

"ನೀರು ಕೇಳ್ದ, ಅಷ್ಟೇ."

ಅವಳ ಮುಖ ಬಾಡೋದು ನೋಡಿ ನನಗೆ ಒಳಗೊಳಗೇ ಒಂಥರಾ ತಂಪಾಗೋದು. ಹೌದ್ರಿ. ಆರು ತಿಂಗಳು ಹಿಂಗೇ ನಡೀತು.

ಲ್ಯಾಪ್‌ಟಾಪಲ್ಲಿ ಚಂದ್ರನ ಡಿಸೈನೆಲ್ಲ ಉಳ್ಕೊಂಡಿದ್ವು. ಅಷ್ಟೊತ್ತಿಗೆ ಪರದೆ ಹತ್ತೋದೇ ನಿಲ್ಲಿಸಿತ್ತು. ಯಜಮಾನ್ರು ರಿಪೇರಿ ಮಾಡಿಸ್ಕೊಂಡು ಬಾ ಅಂತ ನನ್ನ ಚಳ್ಳಕೆರೆಗೆ ಕಳಿಸಿದ್ರು. ಬಸ್ ಸ್ಟ್ಯಾಂಡ್ ಹಿಂದ್ಗಡೆ ಒಬ್ರು ಸಾಬರ ಅಂಗಡಿ. ಬೀದಿ ತುಂಬ ಎಣ್ಣೆ ಮಿಲ್ಲಿನ ವಾಸನೆ. ಸಾಬರು ಗುಂಡಿ ಒತ್ತಿ, ಟಾರ್ಚನ್ನ ಕಪ್ಪು ಪರದೆಗೆ ಓರೆಯಾಗಿ ಹಿಡಿದ್ರು.

"ನೋಡಮ್ಮಾ, ಚಿತ್ರ ಸತ್ತಿಲ್ಲ. ಚಿತ್ರದ ಹಿಂದಿನ ದೀಪ ಸತ್ತೈತೆ, ಅಷ್ಟೇ."

ಬಗ್ಗಿ ನೋಡ್ದೆ. ಬಾವಿ ತಳದಲ್ಲಿ ಕಂಡಂಗೆ ಮಸುಕಾಗಿ ಚಂದ್ರನ ಮುಖ! ಕೊನೆಕೊನೆಗೆ ಯಾವಾಗ್ಲೋ ತನ್ನ ಫೋಟೋನೇ ಪರದೆ ಮೇಲೆ ಹಾಕ್ಕೊಂಡಿದ್ದ ಮಾರಾಯ. ದೀಪದ ಸಾಮಾನು ಬೆಂಗಳೂರಿಂದ ಬರ್ಬೇಕು, ಬಂದಾಗ ತಗೊಂಡು ಬಾ ಅಂತ ಸಾಬರು ವಾಪಸ್ ಕೊಟ್ರು. ಇನ್ನೂ ಏನೇನೋ ಹೇಳಿದ್ರು. ನಾನು ಕೇಳಿಸ್ಕೊಂಡ್ರೆ ತಾನೆ? ನನ್ನ ತಲೇಲಿ ಆಗ್ಲೇ ಒಂದು ಕಿತಾಪತಿ ಓಡ್ತಿತ್ತು.

ಗಂಗಿಗೆ ಆ ಫೋಟೋ ವಿಷಯ ಗೊತ್ತಿಲ್ಲ. ಅವನನ್ನೇ ಕರೆಸಿದಂಗೆ ಮಾಡಿ, ಒಂದ್ಸಲ ಹೆದರಿಸಿಬಿಟ್ರೆ ಮತ್ತೆ ಆ ಪ್ರಶ್ನೆ ಎತ್ತಲ್ಲ... ಬಸ್ಸು ನಮ್ಮೂರ ಹತ್ರದ ಹಾನಗಲ್ ದಾಟೋ ಹೊತ್ತಿಗೆ ನಗು ತಡ್ಕೊಳ್ಳೋಕಾಗ್ತಿರಲಿಲ್ಲ. ತೊಡೆ ಮೇಲಿನ ಬ್ಯಾಗು ಹೋಗುವಾಗ ಇದ್ದಿದ್ದಕ್ಕಿಂತ ಹಗುರ ಅನ್ನಿಸ್ತು. ಅನ್ನಿಸಿದ್ದನ್ನ ಅಲ್ಲೇ ಬಿಟ್ಟೆ.

ಅವತ್ತೇ ರಾತ್ರಿ, ಎಂಟರ ಹೊತ್ತು. ಕರೆಂಟ್ ಹೋಯ್ತು. ಬೀದಿಯ ಮಗ್ಗ ಎಲ್ಲ ನಿಂತವು. ಸೀಮೆಎಣ್ಣೆ ಬುಡ್ಡಿ ವಾಸನೆ... ಒಲೆ ಮೇಲೆ ಮುದ್ದೆ ಎಸರು ಕೊತಕೊತ ಅಂತಿತ್ತು. ಕರೆಂಟ್ ಹೋದ್ರೂ ಚಂದ್ರ ಲ್ಯಾಪ್‌ಟಾಪನ್ನ ಅರ್ಧ ಗಂಟೆ ನಡೆಸ್ತಿದ್ದಿದ್ದು ನಾನು ಕಂಡಿದ್ದೆ.

ಲ್ಯಾಪ್‌ಟಾಪನ್ನ ಮಗ್ಗದ ಹಲಗೆ ಮೇಲಿಟ್ಟು ಗುಂಡಿ ಒತ್ತಿದೆ. ಗುಂಯ್...

"ಗಂಗಿ, ಬಾ ಇಲ್ಲಿ. ಅವನನ್ನೇ ಕೇಳ್ಕೋ. ನನ್ನ ಪ್ರಾಣ ತಿನ್ಬೇಡ."

ಬುಡ್ಡಿ ಊದಿದೆ. ಟಾರ್ಚು ಓರೆಯಾಗಿ ಹಿಡಿದೆ.

ಮುಖ ಬಂತು.

ಗಂಗಿ ಕಿರುಚ್ಲಿಲ್ಲ. ಮಂಡಿಯೂರಿ ಕೂತ್ಲು. ಸೆರಗು ಸರಿ ಮಾಡ್ಕೊಂಡ್ಲು.

"ರೀ... ಕೊನೇಲಿ ನನ್ನ ಕರೆದ್ರಾ?"

ನಾನು ನಗೋಕೆ ಬಾಯಿ ತೆಗೆದೋಳು ಹಂಗೇ ನಿಂತೆ. ಆ ಮಸುಕು ಮುಖದಲ್ಲಿ... ತುಟಿ ಅಲ್ಲಾಡ್ತಿತ್ತು. ಸದ್ದಿಲ್ಲ. ತುಟಿ ಅಷ್ಟೇ. ಗಂಗಿ ತಲೆ ಬಗ್ಗಿಸಿ "ಹೂಂ... ಹೂಂ..." ಅಂತ ಕೇಳಿಸ್ಕೋತಿದ್ಲು. ಟಾರ್ಚು ಕೈ ಜಾರಿ ಬಿತ್ತು. ಕತ್ತಲಲ್ಲಿ ಫ್ಯಾನಿನ ಸದ್ದು ಮಾತ್ರ. ಆಮೇಲೆ ಅದೂ ನಿಲ್ತು.

ಗಂಗಿ ಮೆಲ್ಲಗೆ ಮುಚ್ಚಳ ಮುಚ್ಚಿದ್ಲು.

"ಮೂರು ಸಲ ಕರೆದ್ರಂತಲ್ಲ ಅಕ್ಕಯ್ಯ."

ಅದು ಅವಳಿಗೆ ಗೊತ್ತಾಗೋಕೆ ದಾರೀನೇ ಇಲ್ಲ. ಯಾಕಂದ್ರೆ ಮೂರನೇದು ಅವನು ಬಾಯಿಬಿಟ್ಟು ಅಂದಿದ್ದಲ್ಲ. ಆಗ ದನಿ ಹೋಗಿತ್ತು. "ಗಂಗಿ" ಅಂತ ತುಟಿ ಆಡಿಸ್ದ, ಅಷ್ಟೇ. ಅದನ್ನ ನೋಡಿದೋಳು ನಾನೊಬ್ಳೇ, ಯಾರಿಗೂ ಹೇಳಿರಲಿಲ್ಲ. ಯಜಮಾನ್ರಿಗೂ ಹೇಳಿರಲಿಲ್ಲ.

ಅವಳು ಬೈಲಿಲ್ಲ. ಅಳ್ಲಿಲ್ಲ. "ಎಸರು ಉಕ್ತೈತೆ, ಹಿಟ್ಟು ಹಾಕ್ತೀನಿ ಬಾ" ಅಂತ ಎದ್ದು ಹೋದ್ಲು. ಅವತ್ತು ನನಗೆ ತಾನೇ ಬಡಿಸಿದ್ಲು, ಎದುರಿಗೆ ಕೂತು. ತುತ್ತು ನುಂಗೋವರೆಗೂ ನೋಡ್ತಿದ್ಲು.

ಮಾರನೇ ದಿನ ಸಾಬರ ಫೋನು.

"ಅಮ್ಮಾ, ನಿಮ್ಮ ಬ್ಯಾಟರಿ ಉಬ್ಬಿತ್ತು, ತೆಗೆದಿಟ್ಟೀನಿ, ವೈರ್ ಹಾಕಿದ್ರೆ ಮಾತ್ರ ನಡೀತೈತೆ ಅಂತ ನಿನ್ನೆ ಹೇಳಿದ್ನಲ್ಲ... ಅದನ್ನ ಬಿಸಾಕ್ಲಾ?"

ಲ್ಯಾಪ್‌ಟಾಪನ್ನ ಬೋರಲು ಹಾಕಿದೆ. ತಳದಲ್ಲಿ ಬ್ಯಾಟರಿ ಕೂರೋ ಕಡೆ ಅಂಗೈಯಗಲ ಹಳ್ಳ. ಖಾಲಿ.

ಕರೆಂಟಿಲ್ಲ, ಬ್ಯಾಟರಿ ಇಲ್ಲ. ಗುಂಯ್ ಅಂದಿದ್ದೇನು? ಇವತ್ತಿಗೂ ಗೊತ್ತಿಲ್ಲ. ಸಾಮಾನು ಬಂತು ಅಂತ ಸಾಬರು ಆಮೇಲೂ ಫೋನ್ ಮಾಡಿದ್ರು, ನಾನು ಹೋಗ್ಲಿಲ್ಲ. ಅದು ಅಟ್ಟದ ಮೇಲೆ ಗೋಣಿಚೀಲದಲ್ಲೈತೆ.

ಗಂಗಿ ನನ್ನ ಜೊತೇಲೇ ಅವ್ಳೆ. ಅವತ್ತಿಂದ ಆ ಪ್ರಶ್ನೆ ಒಂದ್ಸಲಾನೂ ಕೇಳಿಲ್ಲ. ನಾನು ಬೇಕು ಅಂದಿದ್ದೂ ಅದೇ ಅಲ್ವಾ? ಈಗ ಕೇಳ್ಲಿ, ಹೌದು ಅಂತ ಹೇಳ್ಬಿಡ್ತೀನಿ ಅಂತ ಇಷ್ಟು ವರ್ಷ ಕಾಯ್ತಾ ಇದೀನಿ. ಕೇಳಲ್ಲ.

ಇದನ್ನ ಬರೀತಿರೋದು ಅವಳಿಗೆ ಹೇಳಿಲ್ಲ. ಅವಳಿಗೆ ಓದೋಕೂ ಬರಲ್ಲ. ಈಗ ಇಷ್ಟು ಬರೆಯೋವಾಗ ಫೋನಿನ ಬೆಳಕು ತಾನಾಗೇ ಆರ್ತು. ಒತ್ತಿದೆ, ಹತ್ಲಿಲ್ಲ. ಮತ್ತೆ ಒತ್ತಿದೆ. ಕಪ್ಪು...

ಅಡಿಗೆಮನೆಯಿಂದ ಗಂಗಿ ಕೂಗಿದ್ಲು.

"ಅಕ್ಕಯ್ಯ, ಮೇಲೆ 'ಎರಡು ಸಲ ಅಂದ' ಅಂತ ಯಾಕೆ ಬರ್ದೆ?"