ತೋಳು ಉದ್ದವಿಟ್ಟ ಜಂಪರು

ಟೈಲರಕ್ಕನ ಬಾಯಲ್ಲಿ ಯಾವಾಗಲೂ ಗುಂಡುಪಿನ್ನುಗಳಿರುತ್ತಿದ್ದವು. ಕೆಳತುಟಿಯ ಎಡಮೂಲೆಯಲ್ಲಿ ನಾಲ್ಕೋ ಐದೋ, ಸಾಲಾಗಿ. ಅಳತೆ ತೆಗೆಯುವಾಗಲೂ ಅವು ಅಲ್ಲೇ, ಬಟ್ಟೆ ಕತ್ತರಿಸುವಾಗಲೂ ಅಲ್ಲೇ. ಆಯಿತು ಅನ್ನುವುದಕ್ಕೆ 'ಹೂಂ', ಆಗುವುದಿಲ್ಲ ಅನ್ನುವುದಕ್ಕೆ 'ಊಹೂಂ'. ತೀರಾ ರೇಗಿದರೆ ಮಾತ್ರ ಒಂದೊಂದೇ ಪಿನ್ನು ತೆಗೆದು ದಿಂಬಿಗೆ ಚುಚ್ಚಿ, ಆಮೇಲೆ ಬಾಯಿ ಬಿಡುತ್ತಿದ್ದಳು. ಅಷ್ಟು ಹೊತ್ತಿಗೆ ಗಿರಾಕಿ ಅರ್ಧ ತಣ್ಣಗಾಗಿರುತ್ತಿದ್ದಳು.

"ಮದುವೆ ನಿಂದು, ಅವಸರ ನಂದಾ? ಬೆಳಿಗ್ಗೆಯಿಂದ ಕರೆಂಟಿಲ್ಲ, ಕಾಲಾಗೆ ತುಳಿತಾ ಇದೀನಿ. ಸುಮ್ಕೆ ಕುಂತ್ಕ" ಎಂದು ಗದರಿ, ಮತ್ತೆ ಪಿನ್ನು ಬಾಯಿಗೆ.

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಕೊಬ್ಬರಿ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಅವಳ ಒಂಟಿ ಕೋಣೆ. ಹೊಳಲ್ಕೆರೆಯಿಂದ ಈ ಊರಿಗೆ ಸೊಸೆಯಾಗಿ ಬಂದ ನನಗೆ ಮೊದಲು ಸಿಕ್ಕ ನೆಂಟರೆಂದರೆ ಅವಳೇ. ನೆಂಟಸ್ತಿಕೆ ಏನೂ ಇರಲಿಲ್ಲ. ಅವಳು ಹಿರಿಯೂರು ಕಡೆಯ ಆದಿವಾಲದವಳು, ನನ್ನ ಹಾಗೆಯೇ ಹೊರಗಿನಿಂದ ಬಂದವಳು, ಅಷ್ಟೇ. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರಿನ ಅರ್ಧ ಹೆಂಗಸರ ಅಳತೆ ಅವಳಿಗೆ ಬಾಯಿಪಾಠ. ಯಾರಾದರೂ ಓಣಿಯಲ್ಲಿ ಹಾದು ಹೋದರೆ ಹೆಸರು ಹೇಳುತ್ತಿರಲಿಲ್ಲ. "ಮೂವತ್ನಾಕು ಹೋದ್ಲು ನೋಡು, ಹೋದ ವರ್ಷ ಮೂವತ್ತೆರಡಿದ್ಲು" ಎನ್ನುತ್ತಿದ್ದಳು. ನಾನು ನಕ್ಕರೆ, "ನಗಬ್ಯಾಡ, ನಿಂದೂ ಗೊತ್ತೈತೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಒಂದು ದಿನ ಅಂಗಡಿಗೆ ಹೋದಾಗ ಅವಳ ಬಾಯಿ ಬರಿದಾಗಿತ್ತು. ಪಿನ್ನುಗಳನ್ನೆಲ್ಲ ಮಣಿಕಟ್ಟಿಗೆ ಕಟ್ಟಿಕೊಂಡ ಸಣ್ಣ ದಿಂಬಿಗೆ ಚುಚ್ಚಿದ್ದಳು. "ಏನಕ್ಕಾ, ಹಲ್ಲುನೋವಾ?" ಎಂದು ತಮಾಷೆ ಮಾಡಿದೆ. ಅವಳು ಗೋಡೆಯ ಕಡೆ ನೋಡಿದಳು. ಹೊಲಿದ ಬಟ್ಟೆ ನೇತುಹಾಕುವ ಸಾಲಿನಿಂದ ದೂರ, ಗೋಡೆಯ ಬೇರೊಂದು ಮೊಳೆಯಲ್ಲಿ ಗಿಣಿಹಸಿರು ಜಂಪರೊಂದು ಒಂಟಿಯಾಗಿ ತೂಗುತ್ತಿತ್ತು. ಯಾರದೆಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಹಿಂದಿನ ವಾರವಷ್ಟೇ ನಮ್ಮ ಪಕ್ಕದ ಬೀದಿಯ ಸೊಸೆಯೊಬ್ಬಳನ್ನು ಅವಳ ಗಂಡನೇ ಹೊಡೆದು ಕೊಂದಿದ್ದ. ಕುರಿ ಸಾಕುವ ಮನೆಯಿಂದ ಪೇಟೆಗೆ ಬಂದಿದ್ದ ಹುಡುಗಿ. ಇಪ್ಪತ್ತಮೂರು ವರ್ಷವಂತೆ. ಹೊಲಿಯಲು ಕೊಟ್ಟ ಜಂಪರನ್ನು ಒಯ್ಯಲು ಅವಳು ಬರಲೇ ಇಲ್ಲ.

ಆದಿವಾಲದ ತವರಿನಲ್ಲಿ ಅಮಾವಾಸ್ಯೆಯ ದಿನ ಎತ್ತು ಹೂಡುತ್ತಿರಲಿಲ್ಲವಂತೆ. ಅದೇ ರೂಢಿಯಲ್ಲಿ ಅಕ್ಕನೂ ಅಮಾವಾಸ್ಯೆಗೆ ಮಿಷನ್ ತುಳಿಯುತ್ತಿರಲಿಲ್ಲ. ಆ ತಿಂಗಳ ಅಮಾವಾಸ್ಯೆಯ ಸಂಜೆ ಅಂಗಡಿಯ ಬಾಗಿಲು ತೆರೆದು, ಹಸಿರು ಜಂಪರಿನ ಕೆಳಗೆ ಒಂದು ಹಣತೆ ಹಚ್ಚಿ, ಹೊಸ್ತಿಲ ಬಳಿ ಸುಮ್ಮನೆ ನಿಂತಳು. ನೋಡಿದ ನಾವು ಮೂರು ಜನ ಪಕ್ಕದಲ್ಲಿ ನಿಂತೆವು. ಮುಂದಿನ ಅಮಾವಾಸ್ಯೆಗೆ ಹತ್ತು ಜನರಾದೆವು. ಸುದ್ದಿ ಕೇಳಿ ಹಿರಿಯೂರಿನಿಂದ ಒಬ್ಬಾಕೆ, ಹಾಗೆಯೇ ಗಂಡನ ಕೈಯಲ್ಲಿ ಸತ್ತ ತಂಗಿಯ ಜಂಪರು ಮಡಿಸಿ ತಂದಳು. ಚಿತ್ರದುರ್ಗದಿಂದ ಒಬ್ಬ ಅಪ್ಪ ಮಗಳ ಕಾಲೇಜಿನ ವೇಲು ತಂದ. ಅಕ್ಕ ಹೊಸ ಮೊಳೆ ಹೊಡೆದು ಅವನ್ನೂ ತೂಗುಹಾಕಿದಳು. ಸೂರ್ಯ ಮುಳುಗುವಾಗ ಹಣತೆ ಹಚ್ಚುವುದು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು, ಆಮೇಲೆ ಒಬ್ಬೊಬ್ಬಳ ಹೆಸರು ಹೇಳಿ ಅವಳ ಬಗ್ಗೆ ಒಂದು ಮಾತು. ಕೊಂದ ಕತೆಯನ್ನು ಯಾರಾದರೂ ಶುರು ಮಾಡಿದರೆ ಅಕ್ಕ ಕೈಯೆತ್ತಿ ತಡೆಯುತ್ತಿದ್ದಳು.

"ಅದು ಪೇಪರ್‌ನಾಗೆ ಬಂದೈತೆ ಬಿಡ್ರಿ. ಆಕಿಗೆ ಏನು ಉಣ್ಣಾಕೆ ಇಷ್ಟ, ಯಾವ ಬಣ್ಣ ಇಷ್ಟ, ಅದನ್ನ ಹೇಳ್ರಿ."

ಹಾಗಾಗಿ ಆ ಓಣಿಯಲ್ಲಿ ನಿಂತು ನಾವು ಸತ್ತವರ ಬಗ್ಗೆ ಕೇಳಿದ್ದು ಇಂಥವೇ. ಒಬ್ಬಳಿಗೆ ಹಸಿ ಹುಣಸೆಕಾಯಿಗೆ ಉಪ್ಪು ಹಚ್ಚಿ ತಿನ್ನುವ ಚಟವಿತ್ತು. ಇನ್ನೊಬ್ಬಳು ಬಸ್ಸಿನ ಕಿಟಕಿ ಸೀಟಿಗಾಗಿ ಜಗಳವಾಡುತ್ತಿದ್ದಳು. ನಗು ಬಂದು, ನಕ್ಕಿದ್ದಕ್ಕೆ ಅಳು ಬರುತ್ತಿತ್ತು. ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕ ಬಂದು, "ಅಂಗಡಿ ಅನ್ಕಂಡೀರೋ ಸ್ಮಶಾನ ಅನ್ಕಂಡೀರೋ?" ಎಂದು ಕೂಗಾಡಿದ. ಅಕ್ಕ ಅವನ ಕೈಗೂ ಒಂದು ಹಣತೆ ಕೊಟ್ಟಳು. ಅವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

ನಾಲ್ಕನೆಯದೋ ಐದನೆಯದೋ ಅಮಾವಾಸ್ಯೆಗೆ ಹಸಿರು ಜಂಪರಿನ ಹುಡುಗಿಯ ತಾಯಿ ಬಂದರು. ಮಗಳ ಬಟ್ಟೆ ಇಲ್ಲಿದೆ ಎಂದು ಯಾರೋ ಹೇಳಿದ್ದರಂತೆ. ಹೆಗಲ ಮೇಲೆ ಕರಿಕಂಬಳಿ. ಮೊಳೆಯಿಂದ ಜಂಪರು ತೆಗೆದು ಕೊಟ್ಟರೆ, ತಿರುಗಿಸಿ ಮುರುಗಿಸಿ ನೋಡಿ, "ಇದು ನನ್ ಮಗಳ್ದಲ್ಲ" ಎಂದು ಹಿಂದಕ್ಕೆ ನೀಡಿದರು. "ಆಕಿ ಇಷ್ಟುದ್ದ ತೋಳು ಯಾವತ್ತೂ ಹಾಕ್ದಾಕಿಯಲ್ಲ. ಸೆಕೆ ಆಗ್ತೈತೆ ಅಂತಿದ್ಲು."

ಅಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಅವಳು ಅಷ್ಟು ಜನರೆದುರು ಕುಳಿತು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಆಕಿದೇ ಅಮ್ಮ. ತೋಳು ಮೊಣಕೈ ದಾಟಂಗೆ ಇಡಕ್ಕ ಅಂದ್ಲು. ಅಳತೆ ಹಿಡಿವಾಗ ನೋಡ್ದೆ ನಾನು. ಮೇಲುದೋಳೆಲ್ಲ ಕಪ್ಪುಗಟ್ಟಿತ್ತು, ಐದು ಬೆರಳೂ ಮೂಡಿದ್ವು. ಬಾಯಾಗೆ ಪಿನ್ನಿದ್ವು. ತೆಗೀಬಹುದಾಗಿತ್ತು. ತೆಗೀಲಿಲ್ಲ. ಹೂಂ ಅಂದೆ. ಗಾಯ ಮುಚ್ಚೋ ಅಷ್ಟು ಉದ್ದ ಲೆಕ್ಕ ಹಾಕಿ, ನೀಟಾಗಿ ಹೊಲ್ದೆ."

ಆ ತಾಯಿ ಬೈಯುತ್ತಾರೆ, ಹೊಡೆಯುತ್ತಾರೆ ಎಂದು ನಾನು ಕಾದೆ. ಅವರು ಜಂಪರನ್ನು ತೊಡೆಯ ಮೇಲೆ ಹಾಸಿಕೊಂಡು, ತೋಳಿನ ಅಂಚನ್ನು ಬೆರಳಲ್ಲಿ ನೇವರಿಸಿದರು.

"ಹಬ್ಬಕ್ಕೆ ಬಂದಾಗ ಮೈತುಂಬ ಸೆರಗು ಹೊದ್ಕಂಡೇ ಕುಂತಿದ್ಲವ್ವ" ಎಂದರು. "ಯಾಕೆ ಅಂದ್ರೆ ಚಳಿ ಅಂದ್ಲು. ಕಂಬ್ಳಿ ಹೊದಿಸ್ದೆ ನಾನು. ಇದೇ ಕಂಬ್ಳಿ."

ಇಷ್ಟೆಲ್ಲ ಕಿವಿಯಾರೆ ಕೇಳಿದವಳು ನಾನು. ಕೇಳಿ ಅತ್ತವಳು. ಆದರೂ ಆರೇ ತಿಂಗಳಲ್ಲಿ ಒಂದು ಮಧ್ಯಾಹ್ನ ನೇರಳೆ ಬಣ್ಣದ ಬಟ್ಟೆ ಹಿಡಿದು ಅವಳ ಅಂಗಡಿಗೆ ಹೋಗಿ, "ಅಕ್ಕಾ, ಈ ಸಲ ತೋಳು ಸ್ವಲ್ಪ ಉದ್ದ ಇಡಕ್ಕ" ಎಂದೆ. ಫ್ಯಾಷನ್ ಎಂದೂ ಸೇರಿಸಿದೆ. ನಾಚಿಕೆ ಎನ್ನುವುದು ಎಂಥ ಕೆಟ್ಟದ್ದೆಂದರೆ, ಅವಳಿಗೆ ತಿಳಿಯುವುದಿಲ್ಲ ಎಂದೇ ನಾನು ನಂಬಿದ್ದೆ.

ಅಕ್ಕ ಟೇಪು ಕೆಳಗಿಟ್ಟಳು. ಬಾಗಿಲು ಮುಂದೆ ಮಾಡಿದಳು. "ಸೆರಗು ತೆಗಿ" ಎಂದಳು. ನಾನು ತೆಗೆಯಲಿಲ್ಲ, ಅವಳೇ ಸರಿಸಿದಳು. ನೋಡಿ, ಮತ್ತೆ ಮುಚ್ಚಿದಳು. ನೇರಳೆ ಬಟ್ಟೆಯನ್ನು ಮಡಿಸಿ ಬದಿಗಿಟ್ಟಳು.

"ಹೊಲಿಯಲ್ಲ ನಾನು. ಏಳೇ, ಹೊಳಲ್ಕೆರೆ ಬಸ್ ಐತೆ, ಹೋಗಾಣ."

"ಮನೇಲಿ ಏನ್ ಹೇಳ್ಲಿ ಅಕ್ಕಾ?"

"ಹೇಳಾದು ನಾನು. ನೀನು ಚಪ್ಪಲಿ ಮೆಟ್ಕ."

ಬಸ್ಸಿನಲ್ಲಿ ಅವಳು ನನ್ನ ಕೈ ಬಿಡಲಿಲ್ಲ. ತವರಿನಲ್ಲಿ ಅಣ್ಣ ಎಲ್ಲರೂ ಹೇಳುವುದನ್ನೇ ಹೇಳಿದ. ಗಂಡ ಹೆಂಡತಿ ಅಂದಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ನಾಲ್ಕು ದಿನ ಇದ್ದು ಹೋಗಲಿ ಎಂದ. ಅಕ್ಕ ಅವನು ಕೊಟ್ಟ ಕಾಫಿಯನ್ನು ಮುಟ್ಟಿರಲಿಲ್ಲ.

"ನನ್ ಅಂಗಡಿ ಗೋಡೆ ಮ್ಯಾಲೆ ಈಗ ಏಳು ಮೊಳೆ ಅವೆ ಕಣಪ್ಪ" ಎಂದಳು. "ಎಂಟನೇದು ನಿನ್ ತಂಗಿಗೆ ಹೊಡೆಯಂಗೆ ಮಾಡಬ್ಯಾಡ. ವಾಪಸ್ ಕಳಿಸ್ತೀನಿ ಅನ್ನಂಗಿದ್ರೆ ಈಗ್ಲೇ ಹೇಳು, ನನ್ ಮನೆಗೆ ಕರ್ಕಂಡ್ ಹೋಗ್ತೀನಿ."

ಅಣ್ಣ ತಲೆ ತಗ್ಗಿಸಿದ. ನಾನು ಹಿಂದಿರುಗಿ ಹೋಗಲಿಲ್ಲ. ಠಾಣೆಗೂ ಕೋರ್ಟಿಗೂ ಅಲೆದೆ, ಹೊಳಲ್ಕೆರೆಯಲ್ಲೇ ಒಂದು ಕೆಲಸ ಹಿಡಿದೆ. ಮಗಳು ವಾಪಸ್ ಬಂದಳು ಎಂದು ತವರಿನ ಓಣಿಯವರು ಆಡಿಕೊಂಡದ್ದು ಸಾಕಷ್ಟಿದೆ. ಬದುಕಿದ್ದೆ, ಕೇಳಿಸಿಕೊಂಡೆ. ಅಮಾವಾಸ್ಯೆಯ ಸಂಜೆ ಮಾತ್ರ ಹೊಸದುರ್ಗದ ಬಸ್ಸು ತಪ್ಪಿಸುತ್ತಿರಲಿಲ್ಲ.

ಅಕ್ಕನ ಕಿಡ್ನಿ ಕೈಕೊಟ್ಟದ್ದು ನಮಗೆ ತಡವಾಗಿ ತಿಳಿಯಿತು. ಚಿತ್ರದುರ್ಗಕ್ಕೆ ಡಯಾಲಿಸಿಸ್‌ಗೆ ಹೋಗುವಾಗ ಸರದಿಯ ಮೇಲೆ ನಾವೇ ಜೊತೆಗಿರುತ್ತಿದ್ದೆವು. ಒಮ್ಮೆ, "ನೀನೇನು ತಪ್ಪು ಮಾಡಿಲ್ಲಕ್ಕ" ಎಂದುಬಿಟ್ಟೆ. ಮುಖ ಆಚೆ ತಿರುಗಿಸಿ, "ಹಂಗನ್ನಬ್ಯಾಡ. ಆ ಹುಡುಗಿಗೆ ಅಂತ ನನ್ತಾವ ಇರಾದು ಆ ತಪ್ಪೊಂದೇ" ಎಂದಳು. ಆ ಮಾತು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಸಮಾಧಾನ ಹೇಳಬಾರದಿತ್ತು ಎಂಬುದಷ್ಟೇ ಗೊತ್ತಾಗಿದೆ.

ಅವಳು ಹೋದ ಮೇಲೆ ಅಂಗಡಿ ಖಾಲಿ ಮಾಡಿದವರು ನಾವೇ. ಬೀರುವಿನ ತಳದಲ್ಲಿ ನನ್ನ ಹೆಸರು ಬರೆದ ಚೀಟಿ ಚುಚ್ಚಿದ್ದ ಕವರು ಸಿಕ್ಕಿತು. ಒಳಗೆ ಅದೇ ನೇರಳೆ ಬಟ್ಟೆ. ಹೊಲಿಯಲ್ಲ ಎಂದವಳು ಹೊಲಿದಿಟ್ಟಿದ್ದಳು. ತೋಳು ಮಾಮೂಲಿನಂತೆ ಗಿಡ್ಡ. ಯಾಕೆ ಕೊಡಲಿಲ್ಲವೋ, ನಾನೇ ಕೇಳಲಿ ಎಂದು ಕಾದಳೋ, ಗೊತ್ತಿಲ್ಲ. ಅಲ್ಲೇ ಹಾಕಿಕೊಂಡು ನೋಡಿದೆ. ಹುಕ್ಕು ಕೂಡಲಿಲ್ಲ. ಈ ವರ್ಷಗಳಲ್ಲಿ ಹೊತ್ತಿಗೆ ಸರಿಯಾಗಿ ಉಂಡು, ಹೆದರದೆ ನಿದ್ದೆ ಮಾಡಿ, ನಾನು ಮೈ ತುಂಬಿಕೊಂಡಿದ್ದೆ.

ತೆಗೆದು ಒಳಮಗ್ಗುಲು ತಿರುಗಿಸಿದೆ. ಎರಡೂ ಪಕ್ಕದಲ್ಲಿ ಎರಡೆರಡು ಬೆರಳಗಲ ಬಟ್ಟೆ ಒಳಗೆ ಬಿಟ್ಟು, ಮೂರು ಸಾಲು ಹೊಲಿಗೆ ಹಾಕಿದ್ದಳು. ಹೊಸ ಮದುವಣಗಿತ್ತಿಯರ ಜಂಪರಿಗೆ ಅವಳು ಹಾಗೆ ಬಿಡುತ್ತಿದ್ದಳು, ಮುಂದೆ ದಪ್ಪಗಾದರೆ ಒಂದು ಸಾಲು ಬಿಚ್ಚಿಕೊಳ್ಳಲಿ ಎಂದು. ನನ್ನ ತೋಳು ನೋಡಿ ಮತ್ತೆ ಮುಚ್ಚಿದ್ದ ಆ ಹೆಂಗಸು, ನಾನು ಬದುಕುತ್ತೇನೆ, ದಪ್ಪಗೂ ಆಗುತ್ತೇನೆ ಎಂದುಕೊಂಡು ಕತ್ತರಿ ಹಾಕಿದ್ದಳು. ಅವಳ ಮಿಷನ್ ಮೇಲೆ ತಲೆಯಿಟ್ಟು ಅತ್ತೆ.

ಅಮಾವಾಸ್ಯೆಯ ಸಂಜೆ ಒಂದು ಸಾಲು ಹೊಲಿಗೆ ಬಿಚ್ಚಿ, ಅದನ್ನು ತೊಟ್ಟು, ಅಂಗಡಿಯ ಹೊಸ್ತಿಲಲ್ಲೇ ಅವಳ ಹೆಸರಿಗೂ ಒಂದು ಹಣತೆ ಹಚ್ಚಿದೆ. ಹಸಿರು ಜಂಪರಿನ ಹುಡುಗಿಯ ತಾಯಿ ಕಂಬಳಿ ಹೊದ್ದು ಪಕ್ಕದಲ್ಲಿ ನಿಂತಿದ್ದರು. ನನ್ನ ತೋಳನ್ನು ಮೇಲಿಂದ ಕೆಳಗೆ ಒಮ್ಮೆ ಸವರಿ ನೋಡಿದರು. ಇನ್ನೂ ಎರಡು ಸಾಲು ಹೊಲಿಗೆ ಹಾಗೇ ಇವೆ.