ಎರಡು ಮಳೆಗಾಲಗಳ ಸಕ್ಕರೆ

2023, ಆಗಸ್ಟ್ 8, ಮಂಗಳವಾರ. ಬೆಳಿಗ್ಗೆ ಜಡಿಮಳೆ. ಹತ್ತರ ನಂತರ ಮೋಡ ಸರಿದು ಬಿಸಿಲು ಬಂತು, ಮಧ್ಯಾಹ್ನ ಸೆಕೆ.

ಡಾ. ಸುಗಂಧಾ ನಾಯಕರ ಅಧ್ಯಯನದ ಮೂರನೆಯ ಸುತ್ತಿನ ರಕ್ತಪರೀಕ್ಷೆಯ ಫಲಿತಾಂಶ ಇಂದು ಕೈಸೇರಿತು. ಅವರ ವಿಷಯವನ್ನು ಬರೆದಿಡಲು ಇದಕ್ಕಾಗಿಯೇ ಕಾದಿದ್ದೆ.

ಸುಗಂಧಾ ಅಂಕೋಲೆಯವರು, ವಯಸ್ಸು ನಲವತ್ತೆರಡು. ಕಾರವಾರದ ಸಣ್ಣದೊಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಾರೆ. ಸ್ವಂತ ದವಾಖಾನೆ ಇಲ್ಲದ ಕಾರಣ, ಮದ್ದು ಕೊಡದ ಡಾಕ್ಟರು ಎಂದು ನೆಂಟರು ಆಡಿಕೊಳ್ಳುವುದುಂಟು. ನಾನು ಅದೇ ಕೇಂದ್ರದಲ್ಲಿ ರಕ್ತ ತೆಗೆದು ದಾಖಲೆ ಇಡುವವನು.

ಬೇಲೆಕೇರಿಯಲ್ಲಿ ಮೀನು ಮಾರುವ, ಸಕ್ಕರೆ ಕಾಯಿಲೆಯಿರುವ ನಲವತ್ತು ಹೆಂಗಸರು ಅವರ ಅಧ್ಯಯನಕ್ಕೆ ಸೇರಿದ್ದರು. ಒಬ್ಬೊಬ್ಬರಿಗೂ ಒಂದು ಸ್ಟೀಲ್ ಬಟ್ಟಲು ಕೊಟ್ಟು, ಹೊತ್ತಿಗೆ ಒಂದೇ ಬಟ್ಟಲು ಅನ್ನ ಉಣ್ಣಬೇಕೆಂದು ಹೇಳಿದ್ದೆವು. ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆಯನ್ನು ಬಟ್ಟಲು ಕೊಡುವ ಮೊದಲು, ಕಳೆದ ವರ್ಷದ ಆಗಸ್ಟ್ ಆರಂಭದಲ್ಲಿ ಮಾಡಿದೆವು. ಆ ದಿನಗಳನ್ನು ಸೂಚಿಸಿದವನು ನಾನೇ. ಮೀನುಗಾರಿಕೆಗೆ ಮಳೆಗಾಲದ ನಿಷೇಧ ಆಗಷ್ಟೇ ಮುಗಿದಿರುತ್ತದೆ, ಮಾರಾಟ ಇನ್ನೂ ಶುರುವಾಗಿರುವುದಿಲ್ಲ, ಹೆಂಗಸರೆಲ್ಲ ಮನೆಯಲ್ಲೇ ಸಿಗುತ್ತಾರೆ ಎಂಬುದು ನನ್ನ ಲೆಕ್ಕ. ಡಿಸೆಂಬರಿನಲ್ಲಿ ಮತ್ತೆ ನೋಡಿದಾಗ ಸರಾಸರಿ ಶೇಕಡಾ 9.2ರಿಂದ 8.1ಕ್ಕೆ ಇಳಿದಿತ್ತು. ಪ್ರಬಂಧದ ಕರಡು ಸಿದ್ಧವಾಯಿತು. ಮಾರ್ಚಿನೊಳಗೆ ಅದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸ್ವೀಕೃತವಾದರೆ ಸುಗಂಧಾ ಅವರಿಗೆ ಕಾಯಂ ಹುದ್ದೆ ಎಂದು ಕೇಂದ್ರದವರು ಹೇಳಿದ್ದರು.

ಜನವರಿಯಲ್ಲಿ ವರದಿ ಹಂಚಲು ಇಬ್ಬರೂ ಬೇಲೆಕೇರಿಗೆ ಹೋದೆವು. ಆ ನಲವತ್ತರಲ್ಲಿ ಒಬ್ಬರಾದ ಹೊನ್ನು ಹರಿಕಂತ್ರ ತಮ್ಮ ಅಂಗಳದಲ್ಲಿ ಸೀಗಡಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನಮ್ಮ ಬಟ್ಟಲು ಆ ಬುಟ್ಟಿಯಲ್ಲಿತ್ತು.

“ಹೊನ್ನಕ್ಕ, ಇದು ಅನ್ನ ಅಳೆಯೂಕೆ ಕೊಟ್ಟಿದ್ದಲ್ವೇ?” ಎಂದರು ಸುಗಂಧಾ.

“ಹೌದು ಅಕ್ಕೋರೆ, ಚಲೋ ಅದೆ. ಒಂದು ಬಟ್ಟಲು ಸೀಗಡಿಗೆ ನೂರು ರೂಪಾಯಿ. ಗಿರಾಕಿ ಸಂಗ್ತಿ ಜಗಳವೇ ಇಲ್ಲ.”

“ಮತ್ತೆ ಅನ್ನ?”

“ಅನ್ನ ಹೊಟ್ಟೆಯೇ ಅಳೀತದೆ. ಅದ್ಕೂ ಬಟ್ಟಲು ಬೇಕಾ?”

ಪಕ್ಕದ ಮನೆಯ ಸುಕ್ರಿ ಬೇಲಿಯಾಚೆಯಿಂದಲೇ ಕೂಗಿದರು: “ನಂದು ಕೋಳಿಗೆ ನೀರಿಡೂಕೆ ಆಯ್ತು!”

ಸುಗಂಧಾ ನಗಲಿಲ್ಲ. “ಹಂಗಾದ್ರೆ ನಿಮ್ಮ ಸಕ್ಕರೆ ಹತ್ತರಿಂದ ಎಂಟಕ್ಕೆ ಹೆಂಗೆ ಇಳೀತು?”

“ನಡದೆ, ಇಳೀತು. ಮಳೆಗಾಲ್ದಲ್ಲಿ ದೋಣಿ ಇಲ್ಲ, ಬುಟ್ಟಿ ಇಲ್ಲ. ಕೂತಲ್ಲೇ ಮೂರು ಹೊತ್ತು ಗಂಜಿ, ಒಣಮೀನು. ಚೌತಿ ಮುಗೀತು ಅಂದ್ರೆ ಬುಟ್ಟಿ ಹೊತ್ಕಂಡು ಅಂಕೋಲೆಯಿಂದ ಬಾಳೆಗುಳಿವರೆಗೆ ಮನೆಮನೆ ತಿರಗ್ತೆ. ನೀವೂ ಅಂಕೋಲೆಯವರೇ ಅಲ್ವೇ? ಇಷ್ಟೂ ಗೊತ್ತಿಲ್ಲದೇ ಯಾರ ಬುಟ್ಟಿ ಮೀನು ತಿಂದು ಬೆಳದ್ರಿ?”

ಹೊನ್ನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಗಸ್ಟಿನ ಪರೀಕ್ಷೆ ಕೂತ ತಿಂಗಳುಗಳನ್ನು ಅಳೆದಿತ್ತು, ಡಿಸೆಂಬರಿನದು ನಡೆದ ತಿಂಗಳುಗಳನ್ನು. ಬಟ್ಟಲು ಕೊಡದ ಇನ್ನೊಂದು ಗುಂಪು ಹೋಲಿಕೆಗೆ ಇರಲಿಲ್ಲ. ಇಳಿಸಿದ್ದು ಬಟ್ಟಲೋ ನಡಿಗೆಯೋ ಎಂದು ತಿಳಿಯಲು ಇನ್ನೊಂದು ಮಳೆಗಾಲ ಕಳೆಯಲೇಬೇಕಿತ್ತು: ಸಕ್ಕರೆ ಇಳಿದಲ್ಲೇ ನಿಂತರೆ ಬಟ್ಟಲಿಗೆ ಅರ್ಥವಿದೆ, ಮತ್ತೆ ಏರಿದರೆ ಇಲ್ಲ.

ಅಂಕಿಅಂಶ ನೋಡುವ ರೂಪೇಶ ಇದನ್ನು ಒಪ್ಪಲಿಲ್ಲ. “ಮೇಡಂ, ಕಳಿಸಿಬಿಡಿ. ಸಂಪಾದಕರು ಬೇಲೆಕೇರಿಗೆ ಬಂದು ಕೋಳಿ ನೀರು ಕುಡಿಯೂದು ನೋಡ್ತಾರಾ?”

“ನಾನು ನೋಡಿದ್ದೇನಲ್ಲ, ರೂಪೇಶ” ಎಂದರು ಸುಗಂಧಾ. ಕರಡು ಕಪಾಟು ಸೇರಿತು. ಏಪ್ರಿಲಿನಲ್ಲಿ ಕಾಯಂ ಹುದ್ದೆ ಹುಬ್ಬಳ್ಳಿಯಿಂದ ಬಂದ ಒಬ್ಬರಿಗೆ ಹೋಯಿತು. ಸುಗಂಧಾ ಅವರ ಗುತ್ತಿಗೆಯನ್ನು ಒಂದು ವರ್ಷ ವಿಸ್ತರಿಸಿದರು. ಆ ದಿನವೂ ಅವರು ಐದೂವರೆಯವರೆಗೆ ಕೂತು, ಎಂದಿನ ಬಸ್ಸಿಗೇ ಹೋದರು.

ಕಳೆದ ವಾರ ಮೂವತ್ತೆಂಟು ಜನರ ರಕ್ತ ತೆಗೆದೆವು. ಇಬ್ಬರು ಊರು ಬಿಟ್ಟಿದ್ದರು. ಇಂದು ಬಂದ ಸರಾಸರಿ 9.1. ಹೊನ್ನು ಅವರದು 9.9.

ಸುಗಂಧಾ ಹಾಳೆಯನ್ನು ಎರಡು ಸಲ ಓದಿದರು. ನಂತರ ಕರಡನ್ನು ತೆರೆದು, ಬಟ್ಟಲಿನಿಂದ ಸಕ್ಕರೆ ಇಳಿಯಿತೆಂಬ ಸಾಲನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ, ಈ ಹೆಂಗಸರ ಸಕ್ಕರೆ ಮೀನುಗಾರಿಕೆಯ ಋತುವಿನೊಂದಿಗೆ ಏರಿಳಿಯುವಂತೆ ಕಾಣುತ್ತದೆ, ಬಟ್ಟಲಿನ ಪ್ರಯೋಜನಕ್ಕೆ ಪುರಾವೆ ಸಿಗಲಿಲ್ಲ ಎಂದು ಬರೆದರು. ಮೊದಲ ಪರೀಕ್ಷೆಯ ದಿನಾಂಕ ಆಯ್ದದ್ದು ನಾನು ಎಂದು ನೆನಪಿಸಿದೆ.

“ಯೋಜನೆಗೆ ಸಹಿ ಹಾಕಿದ್ದು ನಾನಲ್ವೇ, ಮಧುಕರಣ್ಣ” ಎಂದರು. ಕರಡನ್ನು ಮುಚ್ಚಿ, “ಮುಂದಿನ ಜೂನಿನೊಳಗೆ ಮಳೆಯಲ್ಲೂ ನಡೆಯೂಕೆ ಆಗುವ ಜಾಗ ಹುಡುಕಬೇಕು. ಬಂದರದ ಮೀನು ಹರಾಜುಕಟ್ಟೆಗೆ ತಗಡಿನ ಮಾಡು ಅದೆಯಲ್ಲ, ಕೇಳಿ ನೋಡ್ವಾ” ಎಂದರು.

ಯೋಜನೆಯ ಹಣ ಮಾರ್ಚಿಗೇ ಮುಗಿದಿದ್ದರಿಂದ ಈ ಸುತ್ತಿನ ಖರ್ಚು ಸುಗಂಧಾ ಅವರದೇ. ಪರೀಕ್ಷೆ ಮೂವತ್ತೆಂಟು, ತಲಾ ಮುನ್ನೂರರಂತೆ 11,400. ಬಾಡಿಗೆ ವಾಹನ, ಎರಡು ದಿನಕ್ಕೆ 3,600. ಚಹಾ, ಇಡ್ಲಿ 640. ಒಟ್ಟು 15,640 ರೂಪಾಯಿ.